ಸಣ್ಣ ಭಾಷೆಗಳಿಗೆ ಯಾವ ದಿಕ್ಕಿನ ಅನುವಾದ ಬೇಕು?

ಪ್ರಶ್ನೆ: ವಸಂತನಗರದ ಓದುಗ
ಬೆಂಗಳೂರಿನಲ್ಲಿ ನೆಲೆಸಿರುವ ನಾವು ಕೆಲವು ಕೊಡವ ಕುಟುಂಬದವರು ಸೇರಿ ಒಂದು ಸಣ್ಣ ನಿಧಿ ಕೂಡಿಸಿದ್ದೇವೆ. 2011ರ ಜನಗಣತಿಯಲ್ಲಿ ಕೊಡವ ಭಾಷಿಕರೆಂದು ದಾಖಲಾದವರು ಸುಮಾರು 1.14 ಲಕ್ಷ ಮಾತ್ರ. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಹಿರಿಯರ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಈ ಹಣವನ್ನು ನಮ್ಮ ಹಾಡು, ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಬಳಸುವುದು ಒಳ್ಳೆಯದೋ, ಬೇರೆ ಭಾಷೆಗಳಿಂದ ಕೊಡವಕ್ಕೆ ತರುವ ಕೆಲಸಕ್ಕೋ?

ಉತ್ತರ: ಹಳೆಯ ಪುಸ್ತಕಪ್ರಿಯ
ಇಂಗ್ಲಿಷ್ ಅನುವಾದವನ್ನು ಹಗುರವಾಗಿ ಕಾಣಬೇಡಿ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಕೊಡವ ಜನಪದ ಹಾಡುಗಳ ಪುಸ್ತಕ ‘ಪಟ್ಟೋಲೆ ಪಳಮೆ’ 2003ರಲ್ಲಿ ಇಂಗ್ಲಿಷಿಗೆ ಬಂತು. ಕನ್ನಡ ಲಿಪಿ ಓದಲಾರದ ಕೊಡವ ಯುವಕರಿಗೂ ತಮ್ಮ ಹಾಡುಗಳು ಹಾಗೆ ದಕ್ಕಿದವು.

ಉತ್ತರ: ಕರಾವಳಿಯಿಂದ ಬಂದವ
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ನಿಧಿ ಸಣ್ಣದಾಗಿರುವಾಗ ನನ್ನ ಮತ ಎರಡನೆಯದಕ್ಕೆ, ಅಂದರೆ ಕೊಡವಕ್ಕೆ ತರುವ ಕೆಲಸಕ್ಕೆ. ಹೊರಕ್ಕೆ ಹೋಗುವ ಅನುವಾದದಿಂದ ಭಾಷೆಗೆ ಗೌರವ ಬರುತ್ತದೆಯೇ ಹೊರತು ಮಾತನಾಡುವವರು ಹೆಚ್ಚುವುದಿಲ್ಲ. ತುಳುವನ್ನೇ ನೋಡಿ: ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದು 1847ರ ಹೊತ್ತಿಗೆ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದು ಧರ್ಮಪ್ರಚಾರಕ್ಕಾಗಿಯೇ ಆದರೂ (ಅವರ ಉದ್ದೇಶದ ಚರ್ಚೆ ಇಲ್ಲಿ ಬೇಡ), ಪಾಡ್ದನಗಳೆಂಬ ಜನಪದ ಹಾಡುಗಳಲ್ಲಿ ಬಾಯಿಂದ ಬಾಯಿಗೆ ಹರಿಯುತ್ತಿದ್ದ ಭಾಷೆಗೆ ಮುದ್ರಿತ ಗದ್ಯದ ಅಭ್ಯಾಸವಾಯಿತು, 1886ರಲ್ಲಿ ಅದೇ ಮಿಷನ್‌ನ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟೂ ಬಂತು. ಆದ್ದರಿಂದ ನೀವು ಕಾವ್ಯ, ಪುರಾಣಗಳಿಂದ ಆರಂಭಿಸಬೇಡಿ. ಡೆಂಗಿ ಹೇಗೆ ಹರಡುತ್ತದೆ, ಗ್ರಹಣ ಏಕೆ ಆಗುತ್ತದೆ, ಬ್ಯಾಂಕಿನಲ್ಲಿ ಬಡ್ಡಿ ಹೇಗೆ ಬೆಳೆಯುತ್ತದೆ ಎಂಬುದನ್ನು ಹತ್ತು ವರ್ಷದ ಮಗುವಿಗೆ ಕೊಡವದಲ್ಲಿ ಹೇಳುವ ಪುಸ್ತಕಗಳನ್ನು ಮಾಡಿಸಿ. ಮನೆಯ ವಿಷಯಗಳಿಗಷ್ಟೇ ಮೀಸಲಾದ ಭಾಷೆಯನ್ನು ಶಾಲೆಗೆ ಹೋಗುವ ಮಗು ಬಹುಬೇಗ ಬಿಟ್ಟುಬಿಡುತ್ತದೆ.

ಸರ್ಕಾರದ ಕಡೆಯಿಂದ ದೊಡ್ಡ ಅನುವಾದ ಯೋಜನೆಗಾಗಿ ಕಾಯುವುದೂ ವ್ಯರ್ಥವೆಂದು ನನಗನ್ನಿಸುತ್ತದೆ. ಅಧಿಕೃತ ಮನ್ನಣೆ ಪಡೆದ 22 ಭಾಷೆಗಳ ಪಟ್ಟಿಯಾದ ಸಂವಿಧಾನದ ಎಂಟನೆಯ ಅನುಸೂಚಿಗೆ ಕೊಂಕಣಿ 1992ರಲ್ಲೇ ಸೇರಿತು. ತುಳು, ಕೊಡವ ಇನ್ನೂ ಹೊರಗಿವೆ.

ಉತ್ತರ: ಜಯನಗರದ ತಂತ್ರಜ್ಞ
ಪುಸ್ತಕದ ಜೊತೆಗೆ ಧ್ವನಿಯೂ ಇರಲಿ. ಕೊಡವದ ಕೆಲವು ಸ್ವರಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರವಿಲ್ಲದ ಕಾರಣ, ಬೆಂಗಳೂರಿನಲ್ಲಿ ಬೆಳೆದ ಮಗು ಅಚ್ಚಿನಿಂದಷ್ಟೇ ಸರಿಯಾಗಿ ಓದಲಾರದು. ಹಿರಿಯರೊಬ್ಬರಿಂದ ಪೂರ್ತಿ ಓದಿಸಿ ಧ್ವನಿಮುದ್ರಿಸಿಕೊಳ್ಳಿ. ಮೂಲ ವಾಕ್ಯವನ್ನೂ ಅನುವಾದವನ್ನೂ ಜೋಡಿಯಾಗಿಟ್ಟು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಡಿ ಪ್ರಕಟಿಸಿದರೆ ಯಂತ್ರಾನುವಾದಕ್ಕೂ ಅದು ಸಾಮಗ್ರಿಯಾಗುತ್ತದೆ. ಗೂಗಲ್ ಟ್ರಾನ್ಸ್‌ಲೇಟ್ 2024ರಲ್ಲಿ ತುಳುವನ್ನು ಸೇರಿಸಿಕೊಂಡಿದೆ, ಆದರೆ ಅದರ ಫಲಿತಾಂಶವನ್ನು ಭಾಷಿಕರು ತಿದ್ದದೆ ಮಕ್ಕಳ ಕೈಗೆ ಕೊಡುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಮೊದಲಿಗೆ ಡೆಂಗಿಯ ಕುರಿತ ಪುಸ್ತಿಕೆಯನ್ನು ಧ್ವನಿಮುದ್ರಣದೊಂದಿಗೆ ಮಾಡಿಸುತ್ತೇವೆ. ಕರಡನ್ನು ಪರಿಶೀಲಿಸಬಲ್ಲ ವೈದ್ಯರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ತಿಳಿಸಿ.