ಸಹಾಯ ಬೇಕು: ತುರ್ತು ಎಂಡೋಸ್ಕೋಪಿ ಚಿತ್ರಗಳನ್ನು ಸರಿಯಾದ ರೋಗಿಗೆ ಜೋಡಿಸುವುದು ಹೇಗೆ?

ನಮ್ಮ ಎಂಡೋಸ್ಕೋಪಿ ವಾರ್ಡ್‌ನಲ್ಲಿ ಚಿತ್ರಗಳ ಪ್ರಿಂಟ್ ತೆಗೆದು ಫೈಲಿಗೆ ಅಂಟಿಸುತ್ತಿದ್ದೆವು. ಈಗ ಎಲ್ಲವನ್ನೂ ಡಿಜಿಟಲ್ ಮಾಡುತ್ತಿದ್ದೇವೆ. ಎಂಡೋಸ್ಕೋಪಿ ಯಂತ್ರದ ಪ್ರೊಸೆಸರ್‌ನ ಡಿವಿಐ ಔಟ್‌ಪುಟ್‌ಗೆ (ವಿಡಿಯೊ ಹೊರಬರುವ ಪೋರ್ಟ್) ಕ್ಯಾಪ್ಚರ್ ಕಾರ್ಡ್, ಅಂದರೆ ಆ ವಿಡಿಯೊವನ್ನು ಕಂಪ್ಯೂಟರಿಗೆ ತರುವ ಸಾಧನ, ಜೋಡಿಸಿದ್ದೇವೆ. ಪೆಡಲ್ ಒತ್ತಿದರೆ ಚಿತ್ರ ಬರುತ್ತದೆ, ಬಣ್ಣವೂ ಚೆನ್ನಾಗಿದೆ.

ತೊಂದರೆ ಇರುವುದು ರೋಗಿಯ ನಂಬರಿನಲ್ಲಿ. ಮೊದಲು ಕೈಯಿಂದ ಟೈಪ್ ಮಾಡಿ ನೋಡಿದೆವು. ಒಂದು ಅಂಕಿ ತಪ್ಪಿದರೂ ಒಬ್ಬರ ಹುಣ್ಣಿನ ಚಿತ್ರ ಇನ್ನೊಬ್ಬರ ದಾಖಲೆಗೆ ಸೇರುತ್ತದೆ. ಅದನ್ನು ನೋಡಿ ಚಿಕಿತ್ಸೆ ನಿರ್ಧರಿಸುತ್ತಾರೆ, ಸಣ್ಣ ವಿಷಯ ಅಲ್ಲ ಅಲ್ವಾ? ಆಮೇಲೆ ಡೈಕಾಮ್ (ವೈದ್ಯಕೀಯ ಚಿತ್ರಗಳ ಡಿಜಿಟಲ್ ಮಾನದಂಡ) ವರ್ಕ್‌ಲಿಸ್ಟ್, ಅಂದರೆ ಪರೀಕ್ಷೆಗೆ ಬುಕ್ ಆದ ರೋಗಿಗಳ ಪಟ್ಟಿಯನ್ನು ಯಂತ್ರಕ್ಕೆ ಕೊಡುವ ವ್ಯವಸ್ಥೆ, ಹಾಕಿಸಿದೆವು. ಮೊದಲೇ ಬುಕ್ ಆದವರ ಹೆಸರು, ನಂಬರ್ ಈಗ ತಾನಾಗಿಯೇ ಬರುತ್ತದೆ. ಇದರಿಂದ ನಿಜಕ್ಕೂ ನೆಮ್ಮದಿ ಸಿಕ್ಕಿದೆ.

ಆದರೆ ರಾತ್ರಿ ರಕ್ತ ವಾಂತಿ ಆಗಿ ಬಂದವರ ಹೆಸರು ಆ ಪಟ್ಟಿಯಲ್ಲೇ ಇರುವುದಿಲ್ಲ. ನೋಂದಣಿ ಆಗುವವರೆಗೆ ಕಾಯಲು ಸಾಧ್ಯವಿಲ್ಲ. ತಾತ್ಕಾಲಿಕ ನಂಬರ್ ಕೊಟ್ಟು ಚಿತ್ರ ತೆಗೆಯುತ್ತೇವೆ. ಅವು ಪ್ಯಾಕ್ಸ್‌ಗೆ (ಆಸ್ಪತ್ರೆಯ ಎಲ್ಲ ಚಿತ್ರಗಳನ್ನು ಇಡುವ ಕಂಪ್ಯೂಟರ್ ವ್ಯವಸ್ಥೆ) ಹೋದ ಮೇಲೆ ಬೇರೆಯೇ ರೋಗಿಯ ಚಿತ್ರಗಳಾಗಿ ಉಳಿದುಬಿಡುತ್ತವೆ. ಬೆಳಿಗ್ಗೆ ಡಾಕ್ಟರ್ ಹುಡುಕಿದರೆ ಸಿಗುವುದಿಲ್ಲ.

ಇಂಥ ಕೇಸುಗಳಲ್ಲಿ ನೀವು ಚಿತ್ರಗಳನ್ನು ವಾರ್ಡಿನ ಕಂಪ್ಯೂಟರಿನಲ್ಲೇ ಇಟ್ಟುಕೊಂಡು, ನಂಬರ್ ಸರಿಮಾಡಿದ ಮೇಲೆ ಕಳಿಸುತ್ತೀರಾ? ಅಥವಾ ಮೊದಲು ಕಳಿಸಿ ಪ್ಯಾಕ್ಸ್‌ನಲ್ಲಿ ಸರಿಪಡಿಸುತ್ತೀರಾ? ಆ ಕೆಲಸ ನರ್ಸ್ ಮಾಡುತ್ತಾರಾ, ಟೆಕ್ನಿಷಿಯನ್ ಮಾಡುತ್ತಾರಾ?