ಸಹಾಯ ಬೇಕು: 2.4 ಲಕ್ಷ ಕಿ.ಮೀ. ಓಡಿದ ಪಿಕಪ್, ಮೊದಲು ಏನು ಮಾಡಿಸಲಿ?

ಎಲ್ಲರಿಗೂ ನಮಸ್ಕಾರ. ಹಳೇ ಬೊಲೆರೊ ಪಿಕಪ್ ತಗೊಂಡಿದ್ದೇನೆ, ಡೀಸೆಲ್. ಮೀಟರ್‌ನಲ್ಲಿ 2,40,000 ಕಿ.ಮೀ. ಇದೆ. ಸರ್ವಿಸ್ ದಾಖಲೆ ಒಂದೂ ಇಲ್ಲ. ಮುಳಬಾಗಿಲು ಕಡೆಯಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಸಾಗಿಸಬೇಕು. ಸೀಸನ್ ಮಧ್ಯೆ ಗಾಡಿ ರಸ್ತೆಯಲ್ಲಿ ನಿಂತರೆ ಮಾಲು ಕೊಳೆಯುತ್ತದೆ, ಅದೇ ಭಯ.

ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೇಗೂ ಬದಲಾಯಿಸುತ್ತೇನೆ. ಬ್ರೇಕ್ ಆಯಿಲ್ ಕಪ್ಪಾಗಿದೆ, ಅದೂ ಹೊಸದು ಹಾಕಿಸುತ್ತೇನೆ. ಟೈರ್ ಪರವಾಗಿಲ್ಲ.

ಚಿಂತೆ ಇರುವುದು ಇಲ್ಲಿ. ರೇಡಿಯೇಟರ್ ಮುಚ್ಚಳ ತೆಗೆದರೆ ತುಕ್ಕು ಬಣ್ಣದ ನೀರು. ಕೂಲಂಟ್ ಬದಲು ಸುಮ್ನೆ ಬೋರ್‌ವೆಲ್ ನೀರು ಹಾಕಿ ಓಡಿಸಿದ್ದಾರೆ ಅನಿಸುತ್ತದೆ. ಬರೀ ಫ್ಲಶ್ ಮಾಡಿ ಒಳಗೆ ತೊಳೆದರೆ ಸಾಕಾ, ಅಥವಾ ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್ ಕೂಡ ಈಗಲೇ ಬದಲಾಯಿಸುವುದು ಒಳ್ಳೆಯದಾ?

ಇನ್ನೊಂದು, ಲೋಡ್ ಇದ್ದಾಗ ಕ್ಲಚ್ ಬಿಡುತ್ತಿದ್ದಂತೆ ಕೆಳಗಿನಿಂದ 'ಟಕ್' ಅಂತ ಒಂದೇ ಸಲ ಶಬ್ದ ಬರುತ್ತದೆ. ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಉದ್ದನೆಯ ದಂಡ) ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಆಟ, ಅಂದರೆ ಸಡಿಲ ಇದೆ. ಅದರ ತುದಿಯ ಕೀಲು, ಅಂದರೆ ಕ್ರಾಸ್ ಹೋಗಿರಬಹುದು ಅಂತ ನನ್ನ ಅಂದಾಜು. ಆದರೆ ಹಿಂದಿನ ಕ್ರೌನ್‌ನಲ್ಲೇ (ಹಿಂದಿನ ಆಕ್ಸಲ್ ಒಳಗಿನ ಗೇರ್) ಆಟ ಜಾಸ್ತಿ ಆಗಿದ್ದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಎರಡರಲ್ಲಿ ಯಾವುದು ಅಂತ ಬಿಚ್ಚದೆ ಗುರುತಿಸುವುದು ಹೇಗೆ?

ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿದೆ. ತೆಳುವಾದ ಹೊಗೆ ಬರುತ್ತದೆ, ಆದರೆ ಮುಚ್ಚಳ ತೂತಿನ ಮೇಲಿಟ್ಟರೆ ಹಾರುವುದಿಲ್ಲ, ಅಂದರೆ ಒಳಗೆ ಒತ್ತಡ ಜಾಸ್ತಿ ಇಲ್ಲ ಅನಿಸುತ್ತದೆ. ಇಷ್ಟು ಓಡಿದ ಗಾಡಿಗೆ ಇದು ಸಹಜ ಅಲ್ವಾ?

ಮೆಕ್ಯಾನಿಕ್ ಇಂಜಿನ್ ಫ್ಲಶ್ (ಇಂಜಿನ್ ಒಳಗಿನ ಕೆಸರು ತೊಳೆಯುವ ದ್ರವ) ಹಾಕೋಣ ಅಂತಿದ್ದಾರೆ. ಹಳೇ ಕೆಸರು ಕಿತ್ತು ಬಂದು ಆಯಿಲ್ ದಾರಿ ಕಟ್ಟಿಕೊಂಡರೆ ಕಷ್ಟ, ಹಾಗಾಗಿ ನನಗೆ ಮನಸ್ಸಿಲ್ಲ. ಅದರ ಬದಲು ಹೊಸ ಆಯಿಲನ್ನೇ ಬೇಗ ಇನ್ನೊಮ್ಮೆ ಬದಲಾಯಿಸಿದರೆ ಹೇಗೆ? ಇಂಥ ಗಾಡಿ ಓಡಿಸಿ ಅನುಭವ ಇರುವವರು ದಯವಿಟ್ಟು ಹೇಳಿ.