ಹಳೆ ಜಪಾನಿ ಸಿನಿಮಾದ ಹೆಂಗಸರು: ಮೂರು ಶನಿವಾರಕ್ಕೆ ಯಾವ ಚಿತ್ರ ಹಾಕೋದು?

ಕೋಥ್ರೂಡ್ ಕನ್ನಡಿಗ:
ಪುಣೆಯ ನಮ್ಮ ಕನ್ನಡ ಬಳಗಕ್ಕೆ ಮೂರು ಶನಿವಾರ ಸಂಜೆ ಹಳೆ ಜಪಾನಿ ಚಿತ್ರ ತೋರಿಸಬೇಕು. ತೆರೆಯ ಮೇಲಿನ ಹೆಂಗಸರೂ ಬೇಕು, ಕ್ಯಾಮೆರಾ ಹಿಂದಿನವರೂ ಬೇಕು. ಪಟ್ಟಿ ಮಾಡಲು ಕೂತರೆ ಓಜು, ಕುರೊಸಾವಾ ಅಂತ ಗಂಡಸರ ಹೆಸರೇ ಬರುತ್ತವೆ. ಹಿರಿಯರಿಗಾಗಿ ಕನ್ನಡ ಸಬ್‌ಟೈಟಲ್ ನಾವೇ ಮಾಡಬೇಕು. ಯಾವ ಮೂರು, ಯಾವ ಕ್ರಮ, ಎಲ್ಲಿ ಎಡವುತ್ತೇವೆ?

ಮಾಟುಂಗಾ ಮ್ಯಾಟಿನಿ:
ಕಿನುಯೊ ತನಾಕಾ ಅವರನ್ನು ಹಿಡಿದುಕೊಳ್ಳಿ, ಎರಡೂ ಕಡೆ ಸಿಗುತ್ತಾರೆ. ಮೊದಲ ವಾರ ಮಿಜೊಗುಚಿಯ ‘ದಿ ಲೈಫ್ ಆಫ್ ಓಹಾರು’ (1952). ಹರೆಯದಿಂದ ಮುಪ್ಪಿನವರೆಗೆ ಓಹಾರು ಪಾತ್ರ ಪೂರ್ತಿ ತನಾಕಾ ಅವರದೇ. ಎರಡನೇ ವಾರ ಅವರೇ ನಿರ್ದೇಶಿಸಿದ ‘ಫಾರೆವರ್ ಎ ವುಮನ್’ (1955). ಸ್ತನ ಕ್ಯಾನ್ಸರ್‌ನಿಂದ 1954ರಲ್ಲಿ ತೀರಿಕೊಂಡ ಕವಯಿತ್ರಿ ಫುಮಿಕೊ ನಾಕಾಜೊ ಅವರ ಬದುಕಿನ ಕಥೆ. ಚಿತ್ರಕಥೆಯೂ ಹೆಂಗಸಿನದೇ, ಸುಮಿಯೆ ತನಾಕಾ. (ಹೆಸರು ಒಂದೇ, ನಂಟರಲ್ಲ. ಪರಿಚಯ ಭಾಷಣದಲ್ಲಿ ಅಕ್ಕತಂಗಿ ಮಾಡಿಬಿಡಬೇಡಿ.) ಶಸ್ತ್ರಚಿಕಿತ್ಸೆಯ ವಿಷಯ ನೇರವಾಗಿ ಬರುತ್ತದೆ, ಕರಪತ್ರದಲ್ಲೇ ಹೇಳಿಬಿಡಿ.

ತನಾಕಾ ಒಟ್ಟು ಆರು ಚಿತ್ರ ನಿರ್ದೇಶಿಸಿದರು, 1953ರಿಂದ 1962ರವರೆಗೆ. ಅವರಿಗಿಂತ ಮೊದಲು ತಾಜುಕೊ ಸಕಾನೆ 1936ರಲ್ಲಿ ‘ಹತ್ಸು ಸುಗಾತಾ’ ಮಾಡಿದ್ದರು. ಅದರ ಪ್ರತಿ ಉಳಿದಿಲ್ಲ, ಹಾಗಾಗಿ ಭಾಷಣದಲ್ಲಿ ಎರಡು ಮಾತು ಸಾಕು.

ಮಡಗಾಂವ್ ರೀಲು:
ಓಹಾರು ಮೊದಲ ವಾರಕ್ಕೆ ಬೇಡ. ಎರಡು ಕಾಲು ಗಂಟೆ ಕಷ್ಟದ ಮೇಲೆ ಕಷ್ಟ. ಎರಡನೇ ಶನಿವಾರ ಕುರ್ಚಿ ಖಾಲಿ ಹೊಡೆಯುತ್ತವೆ. ‘ದಿ ಮೂನ್ ಹ್ಯಾಸ್ ರೈಸನ್’ನಿಂದ (1955) ಶುರು ಮಾಡಿ. ಅದೂ ತನಾಕಾ ನಿರ್ದೇಶನವೇ. ಜಪಾನಿನ ನಾರಾ ಊರಿನ ಮೂವರು ಅಕ್ಕತಂಗಿಯರ ಮದುವೆ ತರಲೆ. ಮನೆಗೆಲಸದವಳ ಸಣ್ಣ ಪಾತ್ರದಲ್ಲಿ ತನಾಕಾ ಇದ್ದಾರೆ. ಫೋನಿನಲ್ಲಿ ಹೇಗೆ ಮಾತಾಡಬೇಕೆಂದು ಕಿರಿಯವಳು ಆಕೆಗೆ ತಾಲೀಮು ಕೊಡುವ ದೃಶ್ಯ ನೋಡಿ: ನಿರ್ದೇಶಕಿಗೇ ನಿರ್ದೇಶನ!

ಇದರ ಚಿತ್ರಕಥೆಯಲ್ಲಿ ಓಜು ಪಾಲಿದೆ, ಚಿತ್ರವಾಗಲು ಬೆನ್ನಿಗೆ ನಿಂತವರೂ ಅವರೇ. ನಿರ್ದೇಶಕರ ಸಂಘದ ಮುಂದಾಳಾಗಿದ್ದ ಮಿಜೊಗುಚಿ ಮಾತ್ರ ಆಕೆ ನಿರ್ದೇಶನಕ್ಕಿಳಿಯುವುದನ್ನು ವಿರೋಧಿಸಿದರು. ಓಹಾರು ಇಟ್ಟುಕೊಳ್ಳುವುದಾದರೆ ಇದನ್ನು ಹೇಳದೆ ಬಿಡಬೇಡಿ.

ಮೂರನೆಯದು ನರುಸೆಯ ‘ವೆನ್ ಎ ವುಮನ್ ಅಸೆಂಡ್ಸ್ ದಿ ಸ್ಟೇರ್ಸ್’ (1960). ಹಿದೆಕೊ ತಕಾಮಿನೆ ನಾಯಕಿ, ಉಡುಪಿನ ಹೊಣೆಯೂ ಆಕೆಯದೇ. ‘ಟೋಕಿಯೊ ಸ್ಟೋರಿ’ ಎಲ್ಲರೂ ತೋರಿಸುತ್ತಾರೆ, ಈ ಸಲ ಬಿಡಿ.

ಫ್ರೇಮ್ 24:
ಪ್ರೊಜೆಕ್ಟರ್ ವಿಷಯ. 1955ರ ಎರಡೂ ಚಿತ್ರ, ಓಹಾರು ಕೂಡ, ಹೆಚ್ಚುಕಮ್ಮಿ ಚೌಕ ಚೌಕಟ್ಟಿನವು (1.37:1). ಎಡಬಲ ಕಪ್ಪುಪಟ್ಟಿ ಕಂಡು ಯಾರಾದರೂ ‘ಜೂಮ್’ ಒತ್ತಿದರೆ ಎತ್ತರದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ; ತಲೆಯೂ ಇಲ್ಲ, ನೆಲದ ಮೇಲೆ ಕೂತವರ ಮಂಡಿಯೂ ಇಲ್ಲ. ರಿಮೋಟ್ ನಿಮ್ಮ ಕೈಯಲ್ಲೇ ಇರಲಿ. ತಕಾಮಿನೆ ಚಿತ್ರ ಸ್ಕೋಪ್, ಅಂದರೆ ಬಹಳ ಅಗಲದ ಚೌಕಟ್ಟು, ಪಟ್ಟಿ ಮೇಲೆ ಕೆಳಗೆ ಬರುತ್ತದೆ. ಸಬ್‌ಟೈಟಲನ್ನು ಕೆಳಗಿನ ಪಟ್ಟಿಗೆ ಇಳಿಸಿದರೆ ಮುಖಗಳು ಮುಚ್ಚುವುದಿಲ್ಲ.

ಸಬ್‌ಟೈಟಲ್ ಶುರುವಿನಲ್ಲಿ ಸರಿಯಿದ್ದು ಬರಬರುತ್ತಾ ತಪ್ಪಿದರೆ, ನಿಮ್ಮ ಫೈಲು ಸೆಕೆಂಡಿಗೆ 25 ಫ್ರೇಮ್‌ನ ಯುರೋಪಿಯನ್ ಡಿಸ್ಕಿನದು, ಚಿತ್ರ 24ರದು. 100 ನಿಮಿಷಕ್ಕೆ 4 ನಿಮಿಷದ ವ್ಯತ್ಯಾಸ. ಸೆಕೆಂಡು ಹಿಂದೆಮುಂದೆ ಮಾಡಿ ಪ್ರಯೋಜನವಿಲ್ಲ; ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಫ್ರೇಮ್ ರೇಟನ್ನೇ ಬದಲಿಸಿ. ಕನ್ನಡ ಫೈಲನ್ನು ಉಳಿಸುವಾಗ ಅಕ್ಷರ ಸಂಕೇತ (ಎನ್‌ಕೋಡಿಂಗ್) ಯುಟಿಎಫ್-8 ಇರಲಿ, ಇಲ್ಲದಿದ್ದರೆ ಅಕ್ಷರದ ಬದಲು ಕಸ ಬರುತ್ತದೆ. ಎರಡೇ ಸಾಲು. ಸಾಲುಗಳ ನಡುವೆ ಜಾಗ ಬಿಡಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಇಂಗ್ಲಿಷ್‌ನ ‘ಸಿಸ್ಟರ್’ ನೋಡಿ ಅನುವಾದಿಸುವಾಗ ಯಾರು ಹಿರಿಯವಳೆಂದು ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಕೋಥ್ರೂಡ್ ಕನ್ನಡಿಗ:
ಎಲ್ಲರಿಗೂ ಧನ್ಯವಾದ. ‘ಮೂನ್’, ‘ಫಾರೆವರ್’, ‘ಸ್ಟೇರ್ಸ್’ ಅಂತಲೇ ಇಡುತ್ತೇವೆ. ಟಿಕೆಟ್ ಇಲ್ಲ, ಡಿಸ್ಕ್ ಕೊಂಡು ತಂದರೆ ಸಾಕಲ್ಲವೇ?

ಮಾಟುಂಗಾ ಮ್ಯಾಟಿನಿ:
ಸಾಲದು. ಡಿಸ್ಕ್ ಮನೆಯಲ್ಲಿ ನೋಡುವುದಕ್ಕೆ ಮಾತ್ರ. ಉಚಿತವಾದರೂ ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇರೆ ಬೇಕು. ‘ಮೂನ್’, ‘ಫಾರೆವರ್’ ಎರಡೂ ನಿಕ್ಕತ್ಸು ಸ್ಟುಡಿಯೊದವು, ಒಂದೇ ಪತ್ರದಲ್ಲಿ ಕೇಳಿ, ‘ಸ್ಟೇರ್ಸ್’ ತೊಹೊ ಸ್ಟುಡಿಯೊದ್ದು. ಸಭಾಂಗಣದ ಆಸನ ಸಂಖ್ಯೆ, ದಿನಾಂಕ, ಟಿಕೆಟ್ ಇಲ್ಲವೆಂಬುದು, ಕನ್ನಡ ಸಬ್‌ಟೈಟಲ್ ಸೇರಿಸುತ್ತೀರೆಂಬುದು, ನಾಲ್ಕನ್ನೂ ಮೊದಲ ಪತ್ರದಲ್ಲೇ ಬರೆಯಿರಿ.